ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕಸುಬಿನ ಕಲಿಕೆ: ಸಣ್ಣ ಉದ್ಯಮಗಳಿಗೆ ಒಂದು ಪಾಠ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಹಾಗೂ ಸುತ್ತಲಿನ ಗ್ರಾಮಗಳ ಆರ್ಥಿಕ ಜೀವನವು ಮುಖ್ಯವಾಗಿ ಭತ್ತ ಮತ್ತು ಅಡಿಕೆಯನ್ನು ಅವಲಂಬಿಸಿದೆ. ಭದ್ರಾ ನಾಲೆಯ ನೀರನ್ನು ನಂಬಿ ಬೆಳೆಯುವ ಈ ಎರಡು ಬೆಳೆಗಳ ವ್ಯಾಪಾರದಲ್ಲಿ ತೂಕದಷ್ಟೇ ಮುಖ್ಯವಾದುದು ಗುಣಮಟ್ಟ. ಅಕ್ಕಿಯ ಕಾಳನ್ನು ಅಂಗೈಯಲ್ಲಿ ಹರಡಿ ನೋಡುವ, ಅಡಿಕೆಯನ್ನು ಒಡೆದು ಒಳಭಾಗವನ್ನು ಪರೀಕ್ಷಿಸುವ ಅನುಭವಿಗಳ ಮಾತಿನ ಮೇಲೆ ಇಲ್ಲಿನ ವಹಿವಾಟು ತಲೆಮಾರುಗಳಿಂದ ನಡೆದುಬಂದಿದೆ. ಇಂದು ಆ ಪರೀಕ್ಷೆಯ ಒಂದು ಭಾಗವನ್ನು ಕ್ಯಾಮೆರಾ ಮತ್ತು ಗಣಕಯಂತ್ರಗಳು ವಹಿಸಿಕೊಳ್ಳತೊಡಗಿವೆ. ಪತ್ರವ್ಯವಹಾರ, ಲೆಕ್ಕ, ಜಾಹೀರಾತು ಮುಂತಾದ ಕಚೇರಿ ಕೆಲಸಗಳಿಗೂ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಪ್ರವೇಶ ಮಾಡಿದೆ.

ಯಂತ್ರವನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಪ್ರತಿಯೊಬ್ಬ ಉದ್ಯಮಿಯೂ ತನ್ನ ಬಂಡವಾಳವನ್ನು ನೋಡಿ ಉತ್ತರ ಕಂಡುಕೊಳ್ಳುತ್ತಾನೆ. ಅದಕ್ಕಿಂತ ಕಡಿಮೆ ಚರ್ಚೆಗೆ ಬಂದಿರುವ ಪ್ರಶ್ನೆ ಇನ್ನೊಂದಿದೆ. ಯಂತ್ರ ಬಂದ ಮೇಲೆ ಕೆಲಸಕ್ಕೆ ಸೇರುವ ಹುಡುಗ ಅಥವಾ ಹುಡುಗಿ ಕಸುಬನ್ನು ಎಲ್ಲಿ, ಹೇಗೆ ಕಲಿಯಬೇಕು? ಈ ಪ್ರಶ್ನೆಯನ್ನು ಸ್ಥಳೀಯ ಉದ್ಯಮಗಳ ಉದಾಹರಣೆಯೊಂದಿಗೆ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಅಕ್ಕಿ ಗಿರಣಿಯ ಯಂತ್ರ ಕಲಿಸುವ ಪಾಠ

ಆಧುನಿಕ ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ಶುದ್ಧಿ ಮಾಡಿ, ಕಲ್ಲು ಬೇರ್ಪಡಿಸಿ, ಉಮಿ ಬಿಡಿಸಿ, ಪಾಲಿಶ್ ಮಾಡಿ, ನುಚ್ಚು ತೆಗೆದ ನಂತರ ಅಕ್ಕಿಯು ಕಲರ್ ಸಾರ್ಟರ್ ಯಂತ್ರಕ್ಕೆ ಬರುತ್ತದೆ. ವ್ಯಾಪಾರಸ್ಥರ ಬಾಯಲ್ಲಿ ಇದು ಸಾರ್ಟೆಕ್ಸ್ ಎಂದೇ ಪ್ರಸಿದ್ಧ. ಇಳಿಜಾರಿನ ದೋಣಿಯಲ್ಲಿ ಜಾರಿ ಬೀಳುವ ಪ್ರತಿಯೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪು ಚುಕ್ಕೆಯ, ಹಳದಿ ಬಣ್ಣಕ್ಕೆ ತಿರುಗಿದ ಅಥವಾ ಬೆಳ್ಳಗೆ ಸುಣ್ಣದಂತಿರುವ ಕಾಳು ಕಂಡೊಡನೆ ಸೂಕ್ಷ್ಮ ಕವಾಟವೊಂದು ತೆರೆದು ಗಾಳಿಯ ಹೊಡೆತದಿಂದ ಆ ಕಾಳನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂದಿನ ಯಂತ್ರಗಳು ಬಣ್ಣದ ಒಂದು ಮಿತಿಯನ್ನು ಮಾತ್ರ ಅನುಸರಿಸುತ್ತಿದ್ದವು. ಹೊಸ ಮಾದರಿಯ ಯಂತ್ರಗಳು ಒಳ್ಳೆಯ ಕಾಳು ಮತ್ತು ಕೆಟ್ಟ ಕಾಳುಗಳ ಅಸಂಖ್ಯ ಚಿತ್ರಗಳಿಂದ ವ್ಯತ್ಯಾಸವನ್ನು ತಾವೇ ಕಲಿತುಕೊಳ್ಳುತ್ತವೆ. ಚಿತ್ರಗಳಿಂದ ಕಲಿಯುವ ಈ ವಿಧಾನವು 2012ರ ನಂತರ ಜಗತ್ತಿನಾದ್ಯಂತ ವೇಗವಾಗಿ ಬೆಳೆಯಿತು.

ಆದರೆ ಈ ಯಂತ್ರವನ್ನು ಎಷ್ಟು ಬಿಗಿಯಾಗಿ ಹೊಂದಿಸಬೇಕೆಂಬುದನ್ನು ನಿರ್ಧರಿಸುವವನು ಇಂದಿಗೂ ಮನುಷ್ಯನೇ. ಬಿಗಿ ಹೆಚ್ಚಾದರೆ ಒಳ್ಳೆಯ ಅಕ್ಕಿಯೂ ತಿರಸ್ಕೃತ ಚೀಲಕ್ಕೆ ಹೋಗುತ್ತದೆ. ಸಡಿಲವಾದರೆ ಕೆಟ್ಟ ಕಾಳು ಗ್ರಾಹಕನ ಚೀಲಕ್ಕೆ ಸೇರುತ್ತದೆ. ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ದಿನಕ್ಕೆ 100 ಕ್ವಿಂಟಾಲ್ ಅಕ್ಕಿ ಹಾಯುವ ಗಿರಣಿಯಲ್ಲಿ ಶೇಕಡ 3ರಷ್ಟು ತಿರಸ್ಕೃತವಾಗುತ್ತದೆ ಎಂದಿಟ್ಟುಕೊಳ್ಳೋಣ. ಆ 3 ಕ್ವಿಂಟಾಲಿನಲ್ಲಿ ಅರ್ಧದಷ್ಟು ಒಳ್ಳೆಯ ಅಕ್ಕಿಯೇ ಆಗಿದ್ದು, ಎರಡರ ಬೆಲೆಯಲ್ಲಿ ಕ್ವಿಂಟಾಲಿಗೆ 1,500 ರೂಪಾಯಿ ವ್ಯತ್ಯಾಸವಿದ್ದರೆ ದಿನದ ನಷ್ಟ 2,250 ರೂಪಾಯಿ. ತಿಂಗಳಿಗೆ 25 ದಿನ ಗಿರಣಿ ನಡೆದರೆ ನಷ್ಟವು 56,250 ರೂಪಾಯಿಗಳನ್ನು ಮುಟ್ಟುತ್ತದೆ. ತಿರಸ್ಕೃತ ಚೀಲಕ್ಕೆ ಕೈಹಾಕಿ ಒಂದು ಹಿಡಿ ಕಾಳನ್ನು ತೆಗೆದು ನೋಡಬಲ್ಲ ಕೆಲಸಗಾರನಿಲ್ಲದಿದ್ದರೆ ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ತಿರಸ್ಕಾರದ ಪ್ರಮಾಣ ಒಂದು ದಿನ ಇದ್ದಕ್ಕಿದ್ದಂತೆ ಹೆಚ್ಚಾದರೆ ಕಾರಣ ಹಲವು ಇರಬಹುದು. ಹಸಿ ಭತ್ತವು ರಾಶಿಯಲ್ಲಿ ಬಿಸಿಯೇರಿ ಕಾಳು ಹಳದಿಯಾಗಿರಬಹುದು. ಕ್ಯಾಮೆರಾದ ಮುಂದಿನ ಗಾಜಿಗೆ ತೌಡಿನ ಧೂಳು ಮೆತ್ತಿರಬಹುದು. ದೀಪದ ಬೆಳಕು ಕುಗ್ಗಿರಬಹುದು. ಇದಕ್ಕೆ ವಿರುದ್ಧವಾಗಿ, ಕಂಪ್ರೆಸರ್‌ನ ಗಾಳಿಯ ಒತ್ತಡ ಇಳಿದಿದ್ದರೆ ಕೆಟ್ಟ ಕಾಳುಗಳು ತಪ್ಪಿಸಿಕೊಂಡು ಹೋಗುತ್ತವೆ. ಮೊದಲನೆಯ ಕಾರಣಕ್ಕೆ ಭತ್ತ ಖರೀದಿಸಿದವನನ್ನು ಕೇಳಬೇಕು. ಉಳಿದವುಗಳಿಗೆ ಯಂತ್ರವನ್ನು ನೋಡಬೇಕು. ಈ ವಿವೇಚನೆಗೆ ಭತ್ತದ ಜ್ಞಾನವೂ ಯಂತ್ರದ ಜ್ಞಾನವೂ ಒಬ್ಬನಲ್ಲಿಯೇ ಕೂಡಿರುವುದು ಅವಶ್ಯಕ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಶೇಕಡ 17ರ ಮಿತಿ ಏಕೆ ಇದೆ ಎಂಬುದನ್ನು ಅರಿತವನಿಗೆ ಸಾರ್ಟೆಕ್ಸ್‌ನ ಪರದೆಯ ಮೇಲಿನ ಅಂಕಿ ಬೇಗ ಅರ್ಥವಾಗುತ್ತದೆ.

ಅಡಿಕೆಯ ದರ್ಜೆ ಮತ್ತು ಮನುಷ್ಯನ ಕಣ್ಣು

ಚನ್ನಗಿರಿ ಭಾಗದ ಅಡಿಕೆಯನ್ನು ಸುಲಿದು, ಚೊಗರಿನ ನೀರಿನಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ, ಆರಿಸಿ ಮಾರುಕಟ್ಟೆಗೆ ತರಲಾಗುತ್ತದೆ. ರಾಶಿ, ಬೆಟ್ಟೆ, ಗೊರಬಲು ಮುಂತಾದ ದರ್ಜೆಗಳ ನಡುವೆ ಬೆಲೆಯ ಅಂತರ ಗಣನೀಯವಾಗಿರುತ್ತದೆ. ಕಾಯಿ ಎಷ್ಟು ಬಲಿತಾಗ ಕೊಯ್ಲಾಯಿತು, ಎಷ್ಟು ಹೊತ್ತು ಬೆಂದಿತು, ಒಣಗುವಾಗ ಮಳೆಗೆ ಸಿಕ್ಕಿತೇ ಎಂಬ ಎಲ್ಲ ಸಂಗತಿಗಳೂ ಈ ದರ್ಜೆಯಲ್ಲಿ ಅಡಗಿವೆ. ಸುಲಿಯುವ ಯಂತ್ರಗಳು ಈಗ ಸಾಮಾನ್ಯವಾಗಿವೆ. ಅಡಿಕೆಯ ಚಿತ್ರವನ್ನು ನೋಡಿ ದರ್ಜೆ ಗುರುತಿಸುವ ಗಣಕ ವಿಧಾನಗಳ ಬಗ್ಗೆಯೂ ಕರ್ನಾಟಕದಲ್ಲಿ ಸಂಶೋಧನೆಗಳು ನಡೆದಿವೆ.

ಸಾಮಾನ್ಯ ಕ್ಯಾಮೆರಾ ಹೊರಮೈಯ ಬಣ್ಣ, ಗಾತ್ರ, ಆಕಾರಗಳನ್ನು ನೋಡಬಲ್ಲದು. ಅನುಭವಿಯು ಇದರೊಂದಿಗೆ ತೂಕವನ್ನು ಕೈಯಲ್ಲಿ ಅಂದಾಜು ಮಾಡುತ್ತಾನೆ, ಅಡಿಕೆಗಳನ್ನು ಒಂದಕ್ಕೊಂದು ತಾಗಿಸಿ ಸದ್ದನ್ನು ಕೇಳುತ್ತಾನೆ, ಸಂಶಯ ಬಂದರೆ ಒಡೆದು ಒಳಭಾಗವನ್ನು ನೋಡುತ್ತಾನೆ. ಇಷ್ಟು ಮಾತ್ರವಲ್ಲ, ಯಂತ್ರಕ್ಕೆ ಪಾಠ ಹೇಳಲು ಬೇಕಾದ ಮಾದರಿ ಚಿತ್ರಗಳ ಮೇಲೆ 'ಇದು ರಾಶಿ, ಇದು ಗೊರಬಲು' ಎಂದು ಗುರುತು ಹಾಕುವವನೂ ಇದೇ ಅನುಭವಿ. ಯಂತ್ರದ ಬುದ್ಧಿ ಅವನಿಂದ ಎರವಲು ಪಡೆದದ್ದು. ಮುಂದೆ ಮಳೆಗಾಲದ ಸ್ವರೂಪ ಬದಲಾಗಿ ಅಡಿಕೆಯ ಬಣ್ಣ ಬೇರೆಯಾದರೆ, ಅಥವಾ ಖರೀದಿದಾರರು ದರ್ಜೆಯ ನಿಯಮವನ್ನೇ ಬದಲಿಸಿದರೆ, ಯಂತ್ರಕ್ಕೆ ಹೊಸದಾಗಿ ಪಾಠ ಹೇಳಬೇಕಾಗುತ್ತದೆ. ಆ ಹೊತ್ತಿಗೆ ಊರಿನಲ್ಲಿ ಗುರುತು ಹಾಕಬಲ್ಲವರು ಉಳಿದಿರಬೇಕು.

ಕಳಚುತ್ತಿರುವ ಮೊದಲ ಮೆಟ್ಟಿಲು

ಮಂಡಿಗಳಲ್ಲಿ, ಗಿರಣಿಗಳಲ್ಲಿ, ಮುದ್ರಣಾಲಯಗಳಲ್ಲಿ ಹೊಸಬರಿಗೆ ಯಾರೂ ಪಾಠಪಟ್ಟಿ ಮಾಡಿ ಕಲಿಸುತ್ತಿರಲಿಲ್ಲ. ಕಾಳು ಆರಿಸುವುದು, ಬಿಲ್ಲು ನಕಲು ಮಾಡುವುದು, ಕರಡಚ್ಚು ತಿದ್ದುವುದು ಮುಂತಾದ ಸಣ್ಣ ಕೆಲಸಗಳೇ ಅವರ ಪಾಠಶಾಲೆಯಾಗಿದ್ದವು. ಸಾವಿರ ಸಲ ಆರಿಸಿದ ಮೇಲೆ ಕಣ್ಣು ಪಳಗುತ್ತಿತ್ತು. ಬೇಸರದ ಕೆಲಸವೆಂದು ತೋರುವ ಇವುಗಳನ್ನೇ ಯಂತ್ರ ಮೊದಲು ವಹಿಸಿಕೊಳ್ಳುತ್ತದೆ. ಮಾಲೀಕನಿಗೆ ಕೂಲಿ ಉಳಿಯುತ್ತದೆ. ಆದರೆ ಹತ್ತು ವರ್ಷಗಳ ನಂತರ ಮೇಸ್ತ್ರಿಯಾಗಬೇಕಾದವನು ಏರುವ ಮೊದಲ ಮೆಟ್ಟಿಲು ಕಳಚಿಹೋಗುತ್ತದೆ.

ಈ ಸಮಸ್ಯೆಯನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೈನ್‌ಬ್ರಿಜ್ 1983ರಷ್ಟು ಹಿಂದೆಯೇ ಕಾರ್ಖಾನೆಗಳ ಸ್ವಯಂಚಾಲನೆಯ ಕುರಿತ ಪ್ರಬಂಧದಲ್ಲಿ ವಿವರಿಸಿದ್ದರು. ಸುಲಭದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ ಮನುಷ್ಯನಿಗೆ ಉಳಿಯುವುದು ಕಠಿಣವಾದ ಕೆಲಸ. ಯಂತ್ರ ಕೆಟ್ಟಾಗ ಅಥವಾ ಎಡವಿದಾಗ ಅವನು ಮುಂದೆ ಬರಬೇಕು. ಅಭ್ಯಾಸವೇ ತಪ್ಪಿಹೋಗಿದ್ದರೆ ಆ ಹೊತ್ತಿನಲ್ಲಿ ಅವನ ಕೈ ಓಡುವುದಿಲ್ಲ. ವಿಮಾನಯಾನ ಕ್ಷೇತ್ರವು ಈ ಮಾತಿನ ಸತ್ಯವನ್ನು ಅನುಭವದಿಂದ ಕಂಡುಕೊಂಡಿತು. ಸ್ವಯಂಚಾಲಿತ ವ್ಯವಸ್ಥೆಗಳನ್ನು ಅತಿಯಾಗಿ ಅವಲಂಬಿಸಿದರೆ ಪೈಲಟ್‌ಗಳ ಕೈಚಳಕ ಕುಗ್ಗಬಹುದೆಂದು ಗುರುತಿಸಿದ ಅಮೆರಿಕದ ವಿಮಾನಯಾನ ಆಡಳಿತವು, ಸೂಕ್ತ ಸಂದರ್ಭಗಳಲ್ಲಿ ವಿಮಾನವನ್ನು ಕೈಯಿಂದಲೇ ನಡೆಸುವ ಅಭ್ಯಾಸವನ್ನು ಉತ್ತೇಜಿಸುವಂತೆ 2013ರ ಜನವರಿಯಲ್ಲಿ ಸಂಸ್ಥೆಗಳಿಗೆ ಸಲಹೆ ನೀಡಿತು. ಗಿರಣಿಗೂ ಮಂಡಿಗೂ ಇದೇ ತತ್ತ್ವ ಅನ್ವಯಿಸುತ್ತದೆ.

ಎಐ ಕಲಿಸುತ್ತದೆಯೇ, ಮರೆಸುತ್ತದೆಯೇ?

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ ಈ ವಿಷಯದ ಮೇಲೆ ಹಲವು ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಎರಡು ಉದ್ಯಮಿಗಳಿಗೆ ವಿಶೇಷವಾಗಿ ಉಪಯುಕ್ತವಾಗಿವೆ.

ಮೊದಲನೆಯದು ಅಮೆರಿಕದ ಬ್ರಿನ್ಯೋಲ್ಫ್‌ಸನ್, ಲಿ ಮತ್ತು ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನ. ಗ್ರಾಹಕರ ದೂರುಗಳಿಗೆ ಉತ್ತರಿಸುವ 5,000ಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಪರಿಶೀಲಿಸಿದಾಗ, ಎಐ ಸಲಹೆಗಾರನ ನೆರವು ಪಡೆದವರ ಉತ್ಪಾದಕತೆ ಸರಾಸರಿ ಶೇಕಡ 14ರಷ್ಟು ಏರಿದ್ದು ಕಂಡುಬಂದಿತು. ಹೊಸಬರಲ್ಲಿ ಈ ಏರಿಕೆ ಶೇಕಡ 34ರಷ್ಟಿತ್ತು. ನುರಿತವರಲ್ಲಿ ಬಹಳ ಅಲ್ಪವಾಗಿತ್ತು. ಅನುಭವಿಗಳ ಜಾಣ್ಮೆಯನ್ನು ಹೊಸಬರಿಗೆ ಬೇಗನೆ ತಲುಪಿಸುವ ಸಾಮರ್ಥ್ಯ ಎಐಗೆ ಇದೆ ಎಂಬುದು ಇದರಿಂದ ತಿಳಿದುಬರುತ್ತದೆ.

ಎರಡನೆಯದು ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳೊಂದಿಗೆ ನಡೆದು 2024ರಲ್ಲಿ ಬೆಳಕಿಗೆ ಬಂದ ಅಧ್ಯಯನ. ಗಣಿತದ ಅಭ್ಯಾಸದ ವೇಳೆ ನೇರವಾಗಿ ಉತ್ತರ ಕೊಡುವ ಎಐ ಬಳಸಿದವರ ಅಂಕಗಳು ಶೇಕಡ 48ರಷ್ಟು ಸುಧಾರಿಸಿದವು. ಆದರೆ ಎಐ ಇಲ್ಲದೆ ಪರೀಕ್ಷೆ ಬರೆಸಿದಾಗ, ಅದನ್ನು ಎಂದೂ ಬಳಸದವರಿಗಿಂತ ಅವರು ಶೇಕಡ 17ರಷ್ಟು ಹಿಂದೆ ಬಿದ್ದರು. ಉತ್ತರವನ್ನು ಹೇಳದೆ ಸುಳಿವನ್ನು ಮಾತ್ರ ಕೊಡುವಂತೆ ರೂಪಿಸಿದ ಎಐ ಬಳಸಿದ ಇನ್ನೊಂದು ತಂಡದಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ.

ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ದೊರೆಯುವ ನೀತಿ ಸರಳವಾಗಿದೆ. ಕೆಲಸ ಬೇಗ ಮುಗಿಯುವುದೂ ಕೆಲಸ ಕಲಿಯುವುದೂ ಬೇರೆ ಬೇರೆ. ಅದೇ ಉಪಕರಣವು ಸುಳಿವು ಕೊಟ್ಟರೆ ಗುರುವಾಗುತ್ತದೆ, ಉತ್ತರ ಕೊಟ್ಟರೆ ಊರುಗೋಲಾಗುತ್ತದೆ. ಯಾವ ರೀತಿ ಬಳಸಬೇಕೆಂದು ತೀರ್ಮಾನಿಸುವ ಹೊಣೆ ಮಾಲೀಕನದು.

ಕಚೇರಿ ಕೆಲಸ: ಒಂದು ಎಚ್ಚರಿಕೆ

ತೆರಿಗೆ ವಿಷಯದಲ್ಲಿ ಈ ಹೊಣೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಕ್ಕಿಗೆ ಜಿಎಸ್‌ಟಿ ಇಲ್ಲ ಎಂಬ ಮಾತು ಒಂದು ಕಾಲದ ಸಾಮಾನ್ಯ ತಿಳಿವಳಿಕೆ. 2022ರ ಜುಲೈ 18ರಿಂದ ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ, 25 ಕಿಲೋ ವರೆಗಿನ ಅಕ್ಕಿಗೆ ಶೇಕಡ 5ರ ತೆರಿಗೆ ಅನ್ವಯವಾಯಿತು. ಹಳೆಯ ಹಾಗೂ ಹೊಸ ಬರಹಗಳೆರಡನ್ನೂ ಓದಿ ಬೆಳೆದ ಎಐಯು ಈ ವ್ಯತ್ಯಾಸವನ್ನು ಬಿಟ್ಟು, ನಿಸ್ಸಂಶಯದ ಧಾಟಿಯಲ್ಲಿ ಅರ್ಧ ಉತ್ತರವನ್ನು ಕೊಡುವ ಸಾಧ್ಯತೆಯುಂಟು. ಅದರ ಭಾಷೆ ಎಷ್ಟು ಶುದ್ಧವಾಗಿದೆ ಎಂಬುದು ಉತ್ತರದ ಸತ್ಯಕ್ಕೆ ಆಧಾರವಲ್ಲ. ದಂಡ ಕಟ್ಟಬೇಕಾದವನು ವರ್ತಕನೇ ಹೊರತು ಗಣಕಯಂತ್ರವಲ್ಲ. ಆದುದರಿಂದ ಗುಮಾಸ್ತನು ಮೊದಲು ಬಿಲ್ಲನ್ನು ಕೈಯಿಂದ ತಯಾರಿಸಲು ಕಲಿತು, ಅನಂತರ ಎಐ ನೆರವು ಪಡೆಯುವುದು ಕ್ಷೇಮಕರ.

ಸೃಜನಶೀಲ ಕಸುಬುಗಳು ಮತ್ತು ಕನ್ನಡ

ಮುದ್ರಣ, ನಾಮಫಲಕ, ಪೊಟ್ಟಣದ ವಿನ್ಯಾಸ ಮುಂತಾದ ಕೆಲಸಗಳು ಈ ಹಿಂದೆಯೂ ಒಮ್ಮೆ ಬುಡಸಮೇತ ಬದಲಾಗಿವೆ. ಮೊಳೆ ಜೋಡಿಸುತ್ತಿದ್ದ ಮುದ್ರಣಾಲಯಗಳಿಗೆ ಡಿಟಿಪಿ ಬಂದಿತು. ಕುಂಚ ಹಿಡಿದ ಬೋರ್ಡು ಬರಹಗಾರರ ಜಾಗಕ್ಕೆ ಫ್ಲೆಕ್ಸ್ ಬಂದಿತು. ಹೊಸ ಯಂತ್ರ ಕೈಗೆ ಬಂದ ಮೇಲೂ ಅಕ್ಷರದ ಅಳತೆ, ಸಾಲಿನ ಅಂತರ, ಬಣ್ಣಗಳ ಹೊಂದಿಕೆಯನ್ನು ಬಲ್ಲವನ ಕೆಲಸ ಬೇರೆಯಾಗಿಯೇ ಕಾಣುತ್ತಿತ್ತು.

ಎಐ ಚಿತ್ರ ತಯಾರಿಸುವಾಗ ಕನ್ನಡದ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ತಪ್ಪಾಗಿ ಬರೆಯುವುದುಂಟು. ಅಕ್ಕಿಯ ಚೀಲದ ಮೇಲೆ ಊರಿನ ಹೆಸರೇ ತಪ್ಪಾಗಿ ಅಚ್ಚಾದರೆ ಸರಕಿನ ಮೇಲಿನ ವಿಶ್ವಾಸಕ್ಕೂ ಧಕ್ಕೆ ಬರುತ್ತದೆ. ಇನ್ನೊಂದು ತೊಡಕು ಹಳೆಯ ಕಡತಗಳದು. ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಹಳೆಯ ಅಕ್ಷರ ಸಂಕೇತಗಳಲ್ಲಿ ಉಳಿಸಿದ ದರಪಟ್ಟಿ, ಪತ್ರ, ಕರಾರುಗಳನ್ನು ಇಂದಿನ ಎಐ ತಂತ್ರಾಂಶಗಳು ನೇರವಾಗಿ ಓದಲಾರವು. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಬೇಕು. ಡಿಟಿಪಿ ಅಂಗಡಿಗಳಿಗೆ ಇದೇ ಒಂದು ಹೊಸ ಕೆಲಸವಾಗಬಲ್ಲದು. ಭಾರತೀಯ ಭಾಷೆಗಳ ಗಣಕ ಬಳಕೆಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆಯಲ್ಲಿ ಕನ್ನಡವೂ ಸೇರಿದ್ದು, ಅನುವಾದ ಹಾಗೂ ಧ್ವನಿ ಸೌಲಭ್ಯಗಳು ದೊರೆಯುತ್ತವೆ. ಹೊರ ರಾಜ್ಯದ ಅಡಿಕೆ ಖರೀದಿದಾರರೊಂದಿಗೆ ಹಿಂದಿಯಲ್ಲಿ ಪತ್ರವ್ಯವಹಾರ ಮಾಡಬೇಕಾದ ವರ್ತಕನಿಗೆ ಇದು ಪ್ರಯೋಜನಕಾರಿ. ಆದರೂ ದರ, ತೂಕ, ದಿನಾಂಕ ಮತ್ತು ಷರತ್ತುಗಳನ್ನು ಬಲ್ಲವರೊಬ್ಬರು ಓದಿ ನೋಡದೆ ಪತ್ರವನ್ನು ರವಾನಿಸತಕ್ಕದ್ದಲ್ಲ.

ಉದ್ಯಮಿಗಳು ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯ ಆಧಾರದ ಮೇಲೆ, ಐದಾರು ಜನ ಕೆಲಸಗಾರರಿರುವ ಘಟಕದಲ್ಲಿಯೂ ಹೆಚ್ಚಿನ ಖರ್ಚಿಲ್ಲದೆ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

1. ಮೊದಲು ಕೈ, ಅನಂತರ ಯಂತ್ರ: ಹೊಸಬನಿಗೆ ಮೊದಲ ಮೂರು ತಿಂಗಳು ಕಾಳು ಅಥವಾ ಅಡಿಕೆ ಆರಿಸುವ ಕೆಲಸವನ್ನು ದಿನಕ್ಕೆ ಒಂದು ಗಂಟೆಯಾದರೂ ಕೈಯಿಂದಲೇ ಮಾಡಿಸಬೇಕು. ಈ ಗಂಟೆಯ ಕೂಲಿಯನ್ನು ತರಬೇತಿಯ ಖರ್ಚೆಂದು ಭಾವಿಸತಕ್ಕದ್ದು.

2. ಮೊದಲು ಊಹೆ, ಅನಂತರ ಉತ್ತರ: ಕೆಲಸಗಾರನು ಮಾದರಿಯನ್ನು ನೋಡಿ ತನ್ನ ತೀರ್ಮಾನವನ್ನು ಚೀಟಿಯಲ್ಲಿ ಬರೆದ ಮೇಲೆಯೇ ಯಂತ್ರದ ತೀರ್ಮಾನವನ್ನು ನೋಡಬೇಕು. ಎರಡೂ ಬೇರೆಯಾದಾಗ ಹಿರಿಯರು ಕಾರಣವನ್ನು ವಿವರಿಸಬೇಕು.

3. ತಪ್ಪುಗಳ ಪುಸ್ತಕ: ಯಂತ್ರ ಎಡವಿದ ಸಂದರ್ಭ, ದಿನಾಂಕ, ಕಂಡುಹಿಡಿದ ಕಾರಣ ಮತ್ತು ಮಾಡಿದ ಪರಿಹಾರವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಅದು ಘಟಕದ ಸ್ವಂತ ಪಠ್ಯಪುಸ್ತಕವಾಗುತ್ತದೆ.

4. ಮಾದರಿ ಪೆಟ್ಟಿಗೆ: ಪ್ರತಿ ಸುಗ್ಗಿಯ ಪ್ರತಿ ದರ್ಜೆಯ ಮಾದರಿಗಳನ್ನು ಹೆಸರು, ದಿನಾಂಕಗಳೊಂದಿಗೆ ತೆಗೆದಿಡಬೇಕು, ಛಾಯಾಚಿತ್ರಗಳನ್ನೂ ಸಂಗ್ರಹಿಸಬೇಕು. ಹೊಸಬರಿಗೆ ಕಲಿಸಲೂ, ಮುಂದೆ ಯಂತ್ರಕ್ಕೆ ಪಾಠ ಹೇಳಲೂ ಇದೇ ಆಧಾರ.

5. ತಿಂಗಳಿಗೊಮ್ಮೆ ಯಂತ್ರವಿಲ್ಲದ ಪಾಳಿ: ಅರ್ಧ ದಿನ ಸಣ್ಣ ಪ್ರಮಾಣದ ಸರಕನ್ನು ಕೈಯಿಂದಲೇ ಪರೀಕ್ಷಿಸಿ, ಯಂತ್ರದ ಫಲಿತಾಂಶದೊಂದಿಗೆ ಹೋಲಿಸಬೇಕು.

6. ಹಿರಿಯರಿಗೆ ಗೌರವಧನ: ಕಲಿಸುವ ಹೊತ್ತಿಗೆ ಪ್ರತ್ಯೇಕ ಸಂಭಾವನೆ ಇಲ್ಲದಿದ್ದರೆ ಅನುಭವಿಗಳು ತಮ್ಮ ವಿದ್ಯೆಯನ್ನು ಬಿಟ್ಟುಕೊಡಲು ಹಿಂಜರಿಯುವುದು ಸಹಜ. ತಾವು ಕಲಿಸಿದ ನಂತರ ಯಂತ್ರವೋ ಶಿಷ್ಯನೋ ತಮ್ಮ ಜಾಗಕ್ಕೆ ಬಾರದೆಂಬ ಭರವಸೆಯನ್ನು ಮಾಲೀಕನು ಮಾತಿನಲ್ಲಿಯೂ ನಡೆಯಲ್ಲಿಯೂ ನೀಡಬೇಕು.

ಲಭ್ಯವಿರುವ ನೆರವು

ಶಿಷ್ಯವೃತ್ತಿ ತರಬೇತಿಗೆ 1961ರ ಅಪ್ರೆಂಟಿಸ್ ಕಾಯಿದೆಯ ಆಧಾರವಿದೆ. 2019ರ ತಿದ್ದುಪಡಿಯ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಒಟ್ಟು ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಕೆಲಸಗಾರರಿರುವ ಸಂಸ್ಥೆಗಳಿಗೆ ಇದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯು ನಿಗದಿತ ಶಿಷ್ಯವೇತನದ ಶೇಕಡ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರವೇ ಭರಿಸುವ ಅವಕಾಶವನ್ನು ಕಲ್ಪಿಸಿತು. ನೋಂದಣಿಗೆ ಮುನ್ನ ಚಾಲ್ತಿಯಲ್ಲಿರುವ ದರಗಳನ್ನು ಸಮೀಪದ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳಬೇಕು. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಗಿದೆ. ಅಲ್ಲಿ ಯಂತ್ರಜ್ಞಾನ ಕಲಿತ ಯುವಕರಿಗೆ ಭತ್ತ ಮತ್ತು ಅಡಿಕೆಯ ಜ್ಞಾನವನ್ನು ಕೊಡಬಲ್ಲವರು ಸ್ಥಳೀಯ ಉದ್ಯಮಿಗಳು ಮಾತ್ರ.

ಉಪಸಂಹಾರ

ತ್ಯಾವಣಿಗೆಯಂತಹ ಊರುಗಳ ಸಣ್ಣ ಉದ್ಯಮಗಳು ದೊಡ್ಡ ಪಟ್ಟಣದ ಕಂಪನಿಗಳಷ್ಟು ಬಂಡವಾಳವನ್ನು ತೊಡಗಿಸಲಾರವು. ಬಂಡವಾಳವುಳ್ಳವರೆಲ್ಲರೂ ಅದೇ ಯಂತ್ರವನ್ನು ಕೊಂಡ ಮೇಲೆ, ಸರಕಿನ ಬೆಲೆಯನ್ನು ನಿರ್ಧರಿಸುವುದು ಆ ಯಂತ್ರದ ಮುಂದೆ ನಿಂತವನ ತಿಳಿವಳಿಕೆ. ಆ ತಿಳಿವಳಿಕೆಯು ಇಂದು ಹಿರಿಯ ಹಮಾಲರಲ್ಲಿ, ಆರಿಸುವ ಹೆಣ್ಣುಮಕ್ಕಳಲ್ಲಿ, ಖೇಣಿದಾರರಲ್ಲಿ, ಗಿರಣಿಯ ಮೇಸ್ತ್ರಿಗಳಲ್ಲಿ ಇದೆ. ಅವರು ಕೆಲಸದಿಂದ ನಿವೃತ್ತರಾಗುವ ಮೊದಲು ಅದನ್ನು ಮುಂದಿನವರಿಗೆ ದಾಟಿಸದಿದ್ದರೆ ಯಾವ ಬೆಲೆ ಕೊಟ್ಟರೂ ಮರಳಿ ಸಿಗದು. ಬರುವ ಸುಗ್ಗಿಯಲ್ಲಿ ಪ್ರತಿಯೊಂದು ಘಟಕವೂ ಒಬ್ಬ ಹೊಸಬನನ್ನು ಒಬ್ಬ ಹಿರಿಯನ ಜೊತೆಗೆ ಕೂರಿಸಿ, ಒಂದು ತಪ್ಪುಗಳ ಪುಸ್ತಕವನ್ನು ತೆರೆದರೆ ಅದು ಉತ್ತಮ ಆರಂಭವಾಗುತ್ತದೆ.